ಒಂದು ಉರಿ, ಎರಡು ಕೆಲಸ

ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಆಲೆಮನೆಯನ್ನು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯನ್ನು ಸೇರುತ್ತದೆ. ರಸ ಹಿಂಡಿದ ಸಿಪ್ಪೆ ಅಂಗಳದಲ್ಲಿ ಒಣಗಿ, ಕೆಲವು ದಿನಗಳಲ್ಲಿ ಅದೇ ಕೊಪ್ಪರಿಗೆಯ ಕೆಳಗಿನ ಒಲೆಗೆ ಬೀಳುತ್ತದೆ. ಬೆಲ್ಲವಾಗುವ ರಸವನ್ನೂ ಆ ರಸವನ್ನು ಕುದಿಸುವ ಉರುವಲನ್ನೂ ಕಬ್ಬು ಒಟ್ಟಿಗೇ ಹೊತ್ತು ತರುತ್ತದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾದ ತರುವಾಯ ನಮ್ಮ ನಾಡಿನಲ್ಲಿ ಎದ್ದುನಿಂತ ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲಿಯೂ ನಡೆಯುವುದು ಇದೇ ಕ್ರಮ. ನೂರು ಟನ್ನು ಕಬ್ಬನ್ನು ಅರೆದರೆ ಸುಮಾರು ಮೂವತ್ತು ಟನ್ನು ಸಿಪ್ಪೆ ಉಳಿಯುತ್ತದೆ. ಅದರ ತೂಕದಲ್ಲಿ ಅರ್ಧದಷ್ಟು ನೀರೇ ಆದರೂ, ಕಾರ್ಖಾನೆಯ ಬಾಯ್ಲರುಗಳನ್ನು ಉರಿಸಲು ಅದು ಸಾಕು.

ಆದರೆ ಲೋಕದ ಸಕ್ಕರೆಯೆಲ್ಲವೂ ಕಬ್ಬಿನಿಂದ ಬರುವುದಿಲ್ಲ. ಚಳಿ ಹೆಚ್ಚಾಗಿರುವ ದೇಶಗಳಲ್ಲಿ ಕಬ್ಬು ಬೆಳೆಯದು. ಅಲ್ಲಿ ಸಕ್ಕರೆಗೆ ಮೂಲವೆಂದರೆ ಬೀಟ್ ಗೆಡ್ಡೆ. ಇದು ನಮ್ಮ ಅಡಿಗೆಮನೆಯ ಕೆಂಪು ಬೀಟ್‌ರೂಟಿನ ಹತ್ತಿರದ ಸಂಬಂಧಿ. ಬಣ್ಣ ಬಿಳಿ, ಗಾತ್ರ ದೊಡ್ಡದು. ಅದರಲ್ಲಿ ನೂರಕ್ಕೆ ಸುಮಾರು 17 ಪಾಲು ಸಕ್ಕರೆ, 75 ಪಾಲು ನೀರು. ನಾರಿನ ಅಂಶ ಬಹಳ ಕಡಮೆ. ಸಕ್ಕರೆಯನ್ನು ತೆಗೆದ ಬಳಿಕ ಉಳಿಯುವ ತಿರುಳು ಒದ್ದೆಯಾಗಿರುವುದರಿಂದ ಉರಿಯದು. ಅದನ್ನು ಹಿಂಡಿ ಒಣಗಿಸಿ ದನಗಳಿಗೆ ಮೇವಾಗಿ ಮಾರುತ್ತಾರೆ. ಹೀಗೆ ಒಣಗಿಸುವುದಕ್ಕೂ ಶಾಖ ಬೇಕು! ಆದ್ದರಿಂದ ಬೀಟ್ ಕಾರ್ಖಾನೆಗೆ ಉರುವಲು ಹೊರಗಿನಿಂದಲೇ ಬರಬೇಕು. ಕೊಂಡು ತಂದ ಉರುವಲೆಂದ ಮೇಲೆ ಅದರ ಒಂದೊಂದು ಭಾಗಕ್ಕೂ ಲೆಕ್ಕ ಕೇಳುವವರಿರುತ್ತಾರೆ. ಈ ಲೆಕ್ಕದಿಂದ ಹುಟ್ಟಿದ ಒಂದು ವಿದ್ಯುದಾಗಾರದ ವಿಷಯವನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ನದಿಯ ದಡದ ಕಾರ್ಖಾನೆ

ಬೀಟ್ ಗೆಡ್ಡೆಯಲ್ಲಿರುವ ಸಕ್ಕರೆಯೂ ಕಬ್ಬಿನ ಸಕ್ಕರೆಯೂ ಒಂದೇ ಎಂಬುದನ್ನು ಬರ್ಲಿನ್ನಿನ ರಸಾಯನ ವಿಜ್ಞಾನಿ ಮಾರ್ಗ್ರಾಫನು 1747ರಲ್ಲಿ ತೋರಿಸಿಕೊಟ್ಟನು. ಆತನ ಶಿಷ್ಯನಾದ ಆಖಾರ್ಡನು 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಿಲೇಸಿಯ ಪ್ರಾಂತದಲ್ಲಿ ಮೊದಲ ಬೀಟ್ ಸಕ್ಕರೆ ಕಾರ್ಖಾನೆಯನ್ನು ನಡೆಸಿದನು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಹೊರದೇಶದ ಕಬ್ಬಿನ ಸಕ್ಕರೆ ಯೂರೋಪಿಗೆ ಬರುವುದು ಕಷ್ಟವಾಯಿತು. 1811ರಲ್ಲಿ ನೆಪೋಲಿಯನ್ನನು ಬೀಟ್ ಬೆಳೆಗೆ ಪ್ರೋತ್ಸಾಹವಿತ್ತನು. ಇಂಗ್ಲೆಂಡಿನಲ್ಲಿ ಈ ಉದ್ಯಮ ಬೇರೂರಿದ್ದು ಬಹಳ ತಡವಾಗಿ. ಮೊದಲನೆಯ ಮಹಾಯುದ್ಧದಲ್ಲಿ ಸಕ್ಕರೆಯ ಅಭಾವವನ್ನು ಕಂಡ ಸರ್ಕಾರವು 1925ರಲ್ಲಿ ಬೀಟ್ ಸಕ್ಕರೆಗೆ ಸಹಾಯಧನ ಕೊಡುವ ಕಾನೂನನ್ನು ಮಾಡಿತು.

ಅದೇ 1925ರಲ್ಲಿ ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫಕ್ ಪ್ರಾಂತದಲ್ಲಿ, ವಿಸ್ಸಿ ಎಂಬ ನದಿಯ ದಡದಲ್ಲಿ, ವಿಸ್ಸಿಂಗ್ಟನ್ ಕಾರ್ಖಾನೆ ಪ್ರಾರಂಭವಾಯಿತು. ಸುತ್ತಲೂ ಸಮತಟ್ಟಾದ ಜೌಗು ಭೂಮಿ. ಆರಂಭದಲ್ಲಿ ಅಲ್ಲಿಗೆ ಸರಿಯಾದ ರಸ್ತೆಯೇ ಇರಲಿಲ್ಲ; ಗೆಡ್ಡೆಗಳು ರೈಲುದಾರಿಯಲ್ಲಿಯೋ ನದಿಯ ದೋಣಿಗಳಲ್ಲಿಯೋ ಬರುತ್ತಿದ್ದುವು. ಇಂದು ಬ್ರಿಟನ್ನಿನ ಬೀಟ್ ಕಾರ್ಖಾನೆಗಳಲ್ಲಿ ಇದೇ ಅತ್ಯಂತ ದೊಡ್ಡದು. ಒಳ್ಳೆಯ ಬೆಳೆಯ ವರ್ಷದಲ್ಲಿ ಇಲ್ಲಿ ಸುಮಾರು 30 ಲಕ್ಷ ಟನ್ನು ಗೆಡ್ಡೆಯನ್ನು ಸಂಸ್ಕರಿಸುತ್ತಾರೆ.

ಈ ಕಾರ್ಖಾನೆಯ ಆವರಣದಲ್ಲಿಯೇ 1990ರ ದಶಕದ ಕೊನೆಯಲ್ಲಿ ನೈಸರ್ಗಿಕ ಅನಿಲವನ್ನು ಉರಿಸುವ ವಿದ್ಯುದಾಗಾರವೊಂದನ್ನು ಕಟ್ಟಿದರು. ಅದರ ಸಾಮರ್ಥ್ಯ ಸುಮಾರು 70 ಮೆಗಾವಾಟ್. ನಮ್ಮ ರಾಯಚೂರಿನ ಉಷ್ಣ ವಿದ್ಯುದಾಗಾರದ ಸಾಮರ್ಥ್ಯ 1720 ಮೆಗಾವಾಟ್ ಎಂಬುದನ್ನು ನೆನೆದರೆ, ಇದು ಚಿಕ್ಕದೆಂದೇ ಹೇಳಬೇಕು. ಆದರೂ ಕಾರ್ಖಾನೆಯ ಎಲ್ಲ ಯಂತ್ರಗಳಿಗೆ ಬೇಕಾದ ವಿದ್ಯುತ್ತನ್ನು ಒದಗಿಸಿ, ಮಿಕ್ಕಿದ್ದನ್ನು ಇದು ಊರುಗಳ ಬಳಕೆಗಾಗಿ ಹೊರಗಿನ ತಂತಿಗಳಿಗೆ ಕೊಡುತ್ತದೆ. ಸಕ್ಕರೆ ಮಾಡುವವರು ವಿದ್ಯುತ್ತನ್ನು ಏಕೆ ಮಾಡಬೇಕು? ದೊಡ್ಡ ವಿದ್ಯುದಾಗಾರದಿಂದ ಕೊಂಡುಕೊಂಡು, ಅನಿಲವನ್ನು ಬಾಯ್ಲರಿನಲ್ಲಿ ಮಾತ್ರ ಉರಿಸಿದ್ದರೆ ಆಗುತ್ತಿರಲಿಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ತಿಳಿಯಲು, ಸಕ್ಕರೆ ಕಾರ್ಖಾನೆಗೆ ಎಂಥ ಶಾಖ ಬೇಕು ಎಂಬುದನ್ನು ಮೊದಲು ನೋಡಬೇಕು.

ನೀರನ್ನು ಓಡಿಸುವ ಕೆಲಸ

ತೊಳೆದ ಗೆಡ್ಡೆಗಳನ್ನು ತೆಳ್ಳನೆಯ ಎಳೆಗಳಾಗಿ ಹೆರೆದು, ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ನೆನೆಸುತ್ತಾರೆ. ಸಕ್ಕರೆ ನೀರಿಗೆ ಇಳಿಯುತ್ತದೆ. ಈ ರಸಕ್ಕೆ ಸುಣ್ಣವನ್ನು ಬೆರೆಸಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹಾಯಿಸಿದರೆ ಕಲ್ಮಷಗಳು ಸುಣ್ಣದೊಡನೆ ತಳಕ್ಕೆ ಕೂಡುತ್ತವೆ. ಸೋಸಿದ ತಿಳಿರಸದಲ್ಲಿ ನೂರಕ್ಕೆ ಸುಮಾರು 15 ಪಾಲು ಮಾತ್ರ ಘನವಸ್ತು. ಉಳಿದುದೆಲ್ಲ ನೀರು. ಆ ನೀರನ್ನು ಓಡಿಸುವುದೇ ಕಾರ್ಖಾನೆಯ ಅತಿ ದೊಡ್ಡ ಕೆಲಸ.

ಒಂದು ಲೆಕ್ಕವನ್ನು ಮಾಡೋಣ. ನೂರು ಕಿಲೋಗ್ರಾಂ ತಿಳಿರಸದಲ್ಲಿ 15 ಕಿಲೋಗ್ರಾಂ ಘನವಸ್ತುವಿದೆ. ಇದನ್ನು ನೂರಕ್ಕೆ 60 ಪಾಲು ಘನವಸ್ತುವಿರುವ ಗಟ್ಟಿರಸವನ್ನಾಗಿ ಮಾಡಬೇಕಾದರೆ ಒಟ್ಟು ತೂಕವು 25 ಕಿಲೋಗ್ರಾಮಿಗೆ ಇಳಿಯಬೇಕು. ಎಂದರೆ 75 ಕಿಲೋಗ್ರಾಂ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಸುಮಾರು 293 ಕಿಲೊಜೂಲ್. ಕುದಿಯುವ ಆ ನೀರನ್ನು ಪೂರ್ತಿ ಆವಿಯಾಗಿಸಲು ಬೇಕಾಗುವುದಾದರೋ 2257 ಕಿಲೊಜೂಲ್; ಮೊದಲಿನದಕ್ಕೆ ಏಳೂವರೆ ಮಡಿಗಿಂತ ಹೆಚ್ಚು! ಉಷ್ಣತೆಯನ್ನು ಏರಿಸದೆ ಆವಿಯೊಳಗೆ ಅಡಗಿಬಿಡುವ ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಆವಿ ಮತ್ತೆ ನೀರಾಗುವಾಗ ಅಡಗಿದ್ದ ಶಾಖವನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ಅನ್ನ ಬಸಿಯುವಾಗ ಕೈಗೆ ಆವಿ ತಗುಲಿದರೆ ಬಿಸಿನೀರಿಗಿಂತ ಹೆಚ್ಚು ಸುಡುವುದು ಈ ಕಾರಣದಿಂದಲೇ.

ಗುಪ್ತೋಷ್ಣವು ಹಿಂದಕ್ಕೆ ಬರುವುದಾದರೆ ಅದನ್ನು ಮರಳಿ ಉಪಯೋಗಿಸಬಹುದಲ್ಲವೆ? ಈ ಆಲೋಚನೆಯನ್ನು ಯಂತ್ರರೂಪಕ್ಕೆ ತಂದವನು ನಾರ್ಬರ್ಟ್ ರಿಲಿಯು. ಆತನು 1806ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದನು. ತಂದೆ ಬಿಳಿಯ ಜಮೀನುದಾರ, ತಾಯಿ ಆಫ್ರಿಕನ್ ಮೂಲದವಳು. ಆ ಕಾಲದ ಕಬ್ಬಿನ ತೋಟಗಳಲ್ಲಿ ಸಾಲಾಗಿ ಹೂಡಿದ ಬಾಯ್ದೆರೆದ ಕೊಪ್ಪರಿಗೆಗಳಲ್ಲಿ ರಸವನ್ನು ಕುದಿಸುತ್ತಿದ್ದರು. ಕುದಿಯುವ ರಸವನ್ನು ಒಂದರಿಂದ ಮತ್ತೊಂದಕ್ಕೆ ಮೊಗೆದು ಹಾಕುವ ಅಪಾಯದ ದುಡಿಮೆ ಗುಲಾಮರ ಪಾಲಿಗೆ ಬಂದಿತ್ತು. ಪ್ಯಾರಿಸ್ಸಿನಲ್ಲಿ ವಿದ್ಯಾಭ್ಯಾಸ ಮಾಡಿ ಉಗಿಯ ಶಾಸ್ತ್ರವನ್ನು ಬಲ್ಲವನಾಗಿದ್ದ ರಿಲಿಯು, ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯ ಪಾತ್ರೆಯಿಂದ ಏಳುವ ಆವಿಯಿಂದಲೇ ಎರಡನೆಯದನ್ನು ಕುದಿಸಿದನು. 1843ರಲ್ಲಿಯೂ 1846ರಲ್ಲಿಯೂ ಆತನಿಗೆ ಇದರ ಹಕ್ಕುಪತ್ರಗಳು ದೊರೆತವು.

ನೂರು ಡಿಗ್ರಿಯ ಆವಿಯಿಂದ ಇನ್ನೊಂದು ಪಾತ್ರೆಯ ರಸವು ಕುದಿಯಬೇಕಾದರೆ, ಆ ರಸವು ನೂರಕ್ಕಿಂತ ಕಡಮೆ ಉಷ್ಣತೆಯಲ್ಲಿ ಕುದಿಯುವಂತಿರಬೇಕು. ಒತ್ತಡ ಇಳಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದು ಇದಕ್ಕೆ ನಿದರ್ಶನ. ಆದ್ದರಿಂದ ಸಾಲಿನಲ್ಲಿ ಮುಂದೆ ಹೋದಂತೆ ಒಂದೊಂದು ಪಾತ್ರೆಯಲ್ಲಿಯೂ ಒತ್ತಡವನ್ನು ಕಡಮೆಮಾಡುತ್ತ ಹೋಗುತ್ತಾರೆ. ಒಂದೇ ಪಾತ್ರೆಯಾದರೆ ಒಂದು ಕಿಲೋಗ್ರಾಂ ಉಗಿಯಿಂದ ಹೆಚ್ಚುಕಡಮೆ ಒಂದು ಕಿಲೋಗ್ರಾಂ ನೀರನ್ನು ಓಡಿಸಬಹುದು. ಐದು ಪಾತ್ರೆಗಳ ಸಾಲಾದರೆ ಸುಮಾರು ಐದು ಕಿಲೋಗ್ರಾಂ. ನಮ್ಮ ಲೆಕ್ಕದ 75 ಕಿಲೋಗ್ರಾಂ ನೀರಿಗೆ 15 ಕಿಲೋಗ್ರಾಂ ಉಗಿ ಸಾಕಾಯಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯಾಂಶವೊಂದುಂಟು. ಸಾಲಿನ ಮೊದಲ ಪಾತ್ರೆಗೆ ಬೇಕಾಗುವ ಉಗಿಯ ಉಷ್ಣತೆ ಸುಮಾರು 130 ಡಿಗ್ರಿ ಮಾತ್ರ. ಬಹಳ ಬಿಸಿಯಾದರೆ ಸಕ್ಕರೆ ಕಂದಿ ಬಣ್ಣಗೆಡುತ್ತದೆ. ಕೊನೆಯಲ್ಲಿ ಹರಳುಗಟ್ಟಿಸುವ ಪಾತ್ರೆಗಳನ್ನಂತೂ ನಿರ್ವಾತಕ್ಕೆ ಸಮೀಪಿಸುವ ಒತ್ತಡದಲ್ಲಿ, 70–80 ಡಿಗ್ರಿಯಲ್ಲಿಯೇ ಕುದಿಸುತ್ತಾರೆ. ಒಟ್ಟಿನಲ್ಲಿ ಸಕ್ಕರೆ ಕಾರ್ಖಾನೆಗೆ ಬೇಕಾದ ಶಾಖದ ಮೊತ್ತ ಅಪಾರ. ಅದರ ಉಷ್ಣತೆಯೋ ಸಾಧಾರಣ.

ಶಾಖಕ್ಕೂ ಎತ್ತರವುಂಟು

ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ನೀರು ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿದೆ. ಕೊಳವೆಗಳಲ್ಲಿ ಇಳಿದು ಚಕ್ರಗಳನ್ನು ತಿರುಗಿಸಿದ ನೀರು ಅಲ್ಲಿಯೇ ನಾಶವಾಗುವುದಿಲ್ಲ. ಮತ್ತೆ ನದಿಯನ್ನು ಸೇರಿ ಕೆಳಗಿನ ಹೊಲಗದ್ದೆಗಳಿಗೆ ಹರಿಯುತ್ತದೆ. ಚಕ್ರಕ್ಕೆ ಬೇಕಾದದ್ದು ನೀರಿನ ಎತ್ತರ. ಗದ್ದೆಗೆ ಬೇಕಾದದ್ದು ನೀರು. ಗದ್ದೆಗೆ ನೀರು ಬೇಕೆಂದು ಅದನ್ನು ಜಲಪಾತದಲ್ಲಿ ವ್ಯರ್ಥವಾಗಿ ಧುಮುಕಲು ಬಿಟ್ಟರೆ, ದೊರೆಯಬಹುದಾಗಿದ್ದ ಶಕ್ತಿ ಕಳೆದುಹೋಗುತ್ತದೆ.

ಶಾಖಕ್ಕೂ ಇದೇ ಬಗೆಯ ಎತ್ತರವುಂಟೆಂದು ಕಂಡವನು ಫ್ರಾನ್ಸ್ ದೇಶದ ಸಾದಿ ಕಾರ್ನೊ. 1824ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನು ಉಗಿಯಂತ್ರವನ್ನು ಜಲಪಾತಕ್ಕೆ ಹೋಲಿಸಿದನು. ಶಾಖವು ಹೆಚ್ಚಿನ ಉಷ್ಣತೆಯಿಂದ ಕಡಮೆ ಉಷ್ಣತೆಗೆ ಇಳಿಯುವಾಗ ಮಾತ್ರ ಅದರಿಂದ ಕೆಲಸವನ್ನು ಪಡೆಯಬಹುದು. ಇಳಿತ ಹೆಚ್ಚಾದಷ್ಟೂ ಪಡೆಯಬಹುದಾದ ಕೆಲಸ ಹೆಚ್ಚು. ಹೋಲಿಕೆಯಲ್ಲಿ ಒಂದು ಕೊರತೆಯೂ ಇದೆ. ಚಕ್ರದಿಂದ ಹೊರಬಿದ್ದ ನೀರು ಒಳಹೊಕ್ಕಷ್ಟೇ ಇರುತ್ತದೆ. ಶಾಖವಾದರೋ ಕೆಲಸವಾಗಿ ಮಾರ್ಪಟ್ಟಷ್ಟು ಕಡಮೆಯಾಗುತ್ತದೆ. ಕಾರ್ನೊವಿನ ಗ್ರಂಥದಲ್ಲಿ ಕಾಣದಿದ್ದ ಈ ಅಂಶವನ್ನು ಮುಂದಿನ ವಿಜ್ಞಾನಿಗಳು ತಿದ್ದಿದರು. ಆದರೆ ಇಳಿತದ ನಿಯಮವು ಅಚಲವಾಗಿ ಉಳಿಯಿತು.

ಈ ನಿಯಮವನ್ನು ಸಂಖ್ಯೆಗಳಲ್ಲಿ ನೋಡಬಹುದು. ಸುತ್ತಣ ವಾತಾವರಣ 15 ಡಿಗ್ರಿಯಿದೆ ಎನ್ನೋಣ. 130 ಡಿಗ್ರಿಯ ಶಾಖದಿಂದ, ಎಂಥ ದೋಷರಹಿತ ಯಂತ್ರವನ್ನು ಕಲ್ಪಿಸಿಕೊಂಡರೂ, ನೂರಕ್ಕೆ 28ರಷ್ಟಕ್ಕಿಂತ ಹೆಚ್ಚು ಕೆಲಸ ಹೊರಡದು. 1200 ಡಿಗ್ರಿಯ ಶಾಖಕ್ಕೆ ಈ ಮಿತಿ ನೂರಕ್ಕೆ 80. ಅನಿಲದ ಜ್ವಾಲೆ ಇನ್ನೂ ಬಿಸಿಯಾದದ್ದು. ಅಂಥ ಜ್ವಾಲೆಯನ್ನು ಹೊತ್ತಿಸಿ, ಅದರಿಂದ ನೇರವಾಗಿ 130 ಡಿಗ್ರಿಯ ಉಗಿಯನ್ನು ಮಾತ್ರ ಮಾಡಿಕೊಂಡರೆ ಶಾಖವೇನೋ ನಷ್ಟವಾಗುವುದಿಲ್ಲ. ಆದರೆ ಅದರ ಎತ್ತರ ನಷ್ಟವಾಗುತ್ತದೆ. ಸಾಧಾರಣ ಬಾಯ್ಲರು ಶಾಖದ ಲೆಕ್ಕದಲ್ಲಿ ಮಿತವ್ಯಯಿ, ಎತ್ತರದ ಲೆಕ್ಕದಲ್ಲಿ ದುಂದುಗಾರ. ಮೇಲಿನ ಎತ್ತರದಿಂದ ಮೊದಲು ವಿದ್ಯುತ್ತನ್ನು ಪಡೆದು, ಇಳಿದು ಬಂದ ಶಾಖವನ್ನು ರಸ ಕುದಿಸಲು ಬಿಟ್ಟರೆ ಎರಡೂ ಕೈಗೂಡುತ್ತವೆ. ಇದೇ ನಮ್ಮ ಪ್ರಶ್ನೆಗೆ ಉತ್ತರ.

ಅನಿಲದಿಂದ ರಸದವರೆಗೆ

ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ಅದರ ಒಂದು ಅಣುವಿನಲ್ಲಿ ಇಂಗಾಲದ ಒಂದು ಪರಮಾಣುವೂ ಜಲಜನಕದ ನಾಲ್ಕು ಪರಮಾಣುಗಳೂ ಇವೆ. ಅದು ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. ಬೂದಿಯಿಲ್ಲ, ಗಂಧಕದ ಹೊಗೆ ಇಲ್ಲವೆನ್ನುವಷ್ಟು ಅಲ್ಪ. ಬ್ರಿಟನ್ನಿಗೆ ಸೇರಿದ ಉತ್ತರ ಸಮುದ್ರದ ತಳದಲ್ಲಿ ಈ ಅನಿಲ 1965ರಲ್ಲಿ ದೊರೆಯಿತು. 1968ರಲ್ಲಿ ನಾರ್ಫಕ್ ಕರಾವಳಿಯ ಬ್ಯಾಕ್ಟನ್ ಎಂಬಲ್ಲಿ ಅದನ್ನು ದಡಕ್ಕೆ ತರುವ ನಿಲಯ ಪ್ರಾರಂಭವಾಯಿತು. ಕಲ್ಲಿದ್ದಲನ್ನು ಸುಡುತ್ತಿದ್ದ ಉದ್ಯಮಗಳು ಕ್ರಮೇಣ ಅನಿಲದ ಕಡೆಗೆ ತಿರುಗಿದವು.

ಇಂಥ ಆಗಾರದ ಮೊದಲ ಯಂತ್ರ ಅನಿಲ ಟರ್ಬೈನ್. ವಿಮಾನದ ಜೆಟ್ ಯಂತ್ರಕ್ಕೂ ಇದಕ್ಕೂ ತತ್ತ್ವ ಒಂದೇ. ಮುಂಭಾಗದ ಅಲಗುಗಳ ಸಾಲು ಗಾಳಿಯನ್ನು ಒಳಗೆ ಸೆಳೆದು, ವಾತಾವರಣದ ಒತ್ತಡಕ್ಕಿಂತ ಹತ್ತಾರು ಮಡಿ ಹೆಚ್ಚಾಗುವಂತೆ ಅದುಮುತ್ತದೆ. ಅದುಮಿದ ಗಾಳಿಯಲ್ಲಿ ಅನಿಲವು ಉರಿಯುತ್ತದೆ. ಸಾವಿರ ಡಿಗ್ರಿಯನ್ನು ಮೀರಿದ ಆ ಬಿಸಿ ಗಾಳಿ ಹಿಂಭಾಗದ ಅಲಗುಗಳ ಮೇಲೆ ಹಾಯ್ದು ಅವನ್ನು ತಿರುಗಿಸುತ್ತದೆ. ಹುಟ್ಟಿದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮುಂದಿನ ಗಾಳಿಯನ್ನು ಅದುಮುವುದಕ್ಕೇ ವೆಚ್ಚವಾಗುತ್ತದೆ. ಉಳಿದುದು ವಿದ್ಯುಜ್ಜನಕವನ್ನು ತಿರುಗಿಸುತ್ತದೆ.

ಟರ್ಬೈನಿನಿಂದ ಹೊರಬೀಳುವ ಗಾಳಿ ಆಗಲೂ 500 ಡಿಗ್ರಿಗೆ ಮೇಲ್ಪಟ್ಟು ಬಿಸಿಯಾಗಿರುತ್ತದೆ. ಅದನ್ನು ಹೊಗೆಕೊಳವೆಗೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಶಾಖ ಆಕಾಶದ ಪಾಲು. ಬದಲಾಗಿ, ನೀರಿನ ಕೊಳವೆಗಳ ದಟ್ಟವಾದ ಸಾಲುಗಳ ನಡುವೆ ಅದನ್ನು ಹಾಯಿಸಿ, ಹೆಚ್ಚು ಒತ್ತಡದ ಉಗಿಯನ್ನು ಪಡೆಯುತ್ತಾರೆ. ಈ ಬಾಯ್ಲರಿನಲ್ಲಿ ಬೇರೆ ಬೆಂಕಿಯೇ ಇಲ್ಲದಿದ್ದರೂ ನಡೆಯುತ್ತದೆ. ಅಲ್ಲಿ ಹುಟ್ಟಿದ ಉಗಿ ಎರಡನೆಯ ಟರ್ಬೈನನ್ನು ತಿರುಗಿಸಿ ಇನ್ನಷ್ಟು ವಿದ್ಯುತ್ತನ್ನು ಕೊಡಬಲ್ಲದು. ಬಳಿಕ, ಒತ್ತಡವೂ ಉಷ್ಣತೆಯೂ ಇಳಿದು ಸುಮಾರು 130 ಡಿಗ್ರಿಗೆ ಬಂದ ಉಗಿ ರಿಲಿಯುವಿನ ಪಾತ್ರೆಗಳ ಸಾಲನ್ನು ಪ್ರವೇಶಿಸುತ್ತದೆ.

ಸಾಧಾರಣ ಉಷ್ಣ ವಿದ್ಯುದಾಗಾರದಲ್ಲಿ ಉಗಿಯನ್ನು 130 ಡಿಗ್ರಿಗೆ ನಿಲ್ಲಿಸದೆ 40 ಡಿಗ್ರಿಯ ಸಮೀಪದವರೆಗೂ ಇಳಿಸುತ್ತಾರೆ. ಹಾಗೆ ಮಾಡಿದರೆ ವಿದ್ಯುತ್ತೇನೋ ಇನ್ನಷ್ಟು ದೊರೆಯುತ್ತದೆ. ಆದರೆ ಉಳಿದ ಶಾಖ ಯಾರಿಗೂ ಬೇಡವಾಗಿ ನದಿಗೋ ಗಾಳಿಗೋ ಸೇರಿಹೋಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಸ್ವಲ್ಪ ವಿದ್ಯುತ್ತನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಬಹಳ ಶಾಖವನ್ನು ಪಡೆಯುತ್ತಾರೆ. ಇದು ಲಾಭದ ವ್ಯಾಪಾರ. ಆದರೆ ಪಕ್ಕದಲ್ಲಿಯೇ ಆ ಶಾಖವನ್ನು ಬೇಡುವವರು ಇದ್ದರೆ ಮಾತ್ರ. ಏಕೆಂದರೆ ವಿದ್ಯುತ್ತನ್ನು ತಂತಿಯ ಮೂಲಕ ನೂರಾರು ಮೈಲಿ ಕಳುಹಿಸಬಹುದು, ಉಗಿಯನ್ನು ಕಳುಹಿಸಲಾಗದು. ಚಿಕ್ಕ ವಿದ್ಯುದಾಗಾರವು ಆಹಾರ ಕಾರ್ಖಾನೆಯ ಆವರಣದೊಳಕ್ಕೇ ಬಂದು ನಿಂತದ್ದಕ್ಕೆ ಇದೇ ಕಾರಣ.

ಉಳಿತಾಯವೆಷ್ಟು?

ಒಂದು ಕಿಲೋಗ್ರಾಂ ಮೀಥೇನ್ ಉರಿದರೆ ಸುಮಾರು 50,000 ಕಿಲೊಜೂಲ್ ಶಾಖ ದೊರೆಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಇದರಲ್ಲಿ ನೂರಕ್ಕೆ 30 ಪಾಲು ವಿದ್ಯುತ್ತಾಗಿಯೂ 50 ಪಾಲು ಉಗಿಯಾಗಿಯೂ ಬಳಕೆಗೆ ಬಂದು, 20 ಪಾಲು ನಷ್ಟವಾಯಿತೆಂದು ಇಟ್ಟುಕೊಳ್ಳೋಣ. ಇಂಥ ಆಗಾರಗಳಲ್ಲಿ ಇದು ಅಸಾಧ್ಯವಾದ ಪ್ರಮಾಣವಲ್ಲ. ಆಗ ನಮಗೆ ನಾಲ್ಕು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್ತೂ ಸುಮಾರು 11 ಕಿಲೋಗ್ರಾಂ ಉಗಿಯೂ ಸಿಕ್ಕುತ್ತವೆ. ಐದು ಪಾತ್ರೆಗಳ ಸಾಲಿನಲ್ಲಿ ಆ ಉಗಿ ಸುಮಾರು 55 ಕಿಲೋಗ್ರಾಂ ನೀರನ್ನು ರಸದಿಂದ ಓಡಿಸುತ್ತದೆ.

ಇಷ್ಟನ್ನೇ ಬೇರೆಬೇರೆಯಾಗಿ ಮಾಡಿದರೆ? 50 ಪಾಲು ಉಗಿಗೆ, ನೂರಕ್ಕೆ 90ರಷ್ಟು ದಕ್ಷತೆಯ ಬಾಯ್ಲರಿನಲ್ಲಿ, ಸುಮಾರು 56 ಪಾಲು ಉರುವಲು ಬೇಕು. 30 ಪಾಲು ವಿದ್ಯುತ್ತಿಗೆ, ನೂರಕ್ಕೆ 40ರಷ್ಟು ದಕ್ಷತೆಯ ದೂರದ ಉಷ್ಣ ವಿದ್ಯುದಾಗಾರದಲ್ಲಿ, 75 ಪಾಲು ಬೇಕು. ಒಟ್ಟು 131. ಒಟ್ಟಿಗೆ ಮಾಡಿದಾಗ ಸಾಕಾದದ್ದು 100 ಮಾತ್ರ. ನೂರಕ್ಕೆ 23ರಷ್ಟು ಉರುವಲು ಉಳಿಯಿತು.

ಆದರೆ ಇಲ್ಲಿಗೇ ಲೆಕ್ಕವನ್ನು ಮುಗಿಸಿದರೆ ನಾವು ಪಕ್ಷಪಾತ ಮಾಡಿದಂತಾಗುತ್ತದೆ. ಇಂದಿನ ದೊಡ್ಡ ಅನಿಲ ವಿದ್ಯುದಾಗಾರಗಳು ತಾವೂ ಎರಡು ಟರ್ಬೈನುಗಳನ್ನು ಜೋಡಿಸಿಕೊಂಡು ನೂರಕ್ಕೆ 55ರಷ್ಟು ದಕ್ಷತೆಯನ್ನು ಮುಟ್ಟಿವೆ. ಅವುಗಳೊಡನೆ ಹೋಲಿಸಿದರೆ 30 ಪಾಲು ವಿದ್ಯುತ್ತಿಗೆ ಬೇಕಾಗುವ ಉರುವಲು ಸುಮಾರು 54 ಪಾಲು, ಒಟ್ಟು 110. ಉಳಿತಾಯ ನೂರಕ್ಕೆ 9ಕ್ಕೆ ಇಳಿಯುತ್ತದೆ. ಉಳಿತಾಯವೆಂಬುದು ಯಂತ್ರದೊಳಗೆ ಅಡಗಿರುವ ಗುಣವಲ್ಲ, ಯಾವುದರೊಡನೆ ಹೋಲಿಸುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂದು ಇದರಿಂದ ಸ್ಪಷ್ಟವಾಗುತ್ತದೆ. ಈ ಮಾತನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾಗುತ್ತದೆ.

ಕೊನೆಯ ಮೆಟ್ಟಿಲು

ರಸವನ್ನು ಕುದಿಸಿದ ಮೇಲೆಯೂ ಸ್ವಲ್ಪ ಶಾಖ ಮಿಗುತ್ತದೆ. ಉಗುರುಬೆಚ್ಚಗಿನ ನೀರಿಗಿಂತ ಹೆಚ್ಚಿನ, ಕುದಿಯುವ ನೀರಿಗಿಂತ ಕಡಮೆಯ ಈ ಶಾಖಕ್ಕೆ ಕಾರ್ಖಾನೆಗಳಲ್ಲಿ ಬೆಲೆಯಿಲ್ಲ. ವಿಸ್ಸಿಂಗ್ಟನ್ನಿನಲ್ಲಿ ಅದಕ್ಕೂ ಒಂದು ನೆಲೆಯನ್ನು ಕಂಡುಕೊಂಡರು. ಕಾರ್ಖಾನೆಯ ಪಕ್ಕದಲ್ಲಿ ಸುಮಾರು 18 ಹೆಕ್ಟೇರು, ಎಂದರೆ 45 ಎಕರೆ ವಿಸ್ತಾರದ ಗಾಜಿನ ಮನೆಯೊಂದು ಎದ್ದಿತು. ಬಿಸಿನೀರಿನ ಕೊಳವೆಗಳಿಂದ ಅದನ್ನು ಬೆಚ್ಚಗಿರಿಸಿ, ಇಂಗ್ಲೆಂಡಿನ ಚಳಿಯಲ್ಲಿ ಅನೇಕ ವರ್ಷಗಳ ಕಾಲ ಟೊಮೇಟೊ ಬೆಳೆದರು. 2017ರಿಂದ ಅದೇ ಮನೆಯಲ್ಲಿ ಮಕ್ಕಳ ಅಪಸ್ಮಾರದ ಔಷಧಿಗಾಗಿ ಅಮಲು ತರದ ಒಂದು ಬಗೆಯ ಭಂಗಿ ಗಿಡವನ್ನು ಬೆಳೆಯತೊಡಗಿದರು.

ಗಾಜಿನ ಮನೆಗೆ ಹೋದದ್ದು ಶಾಖವೊಂದೇ ಅಲ್ಲ. ವಿದ್ಯುದಾಗಾರದ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಅಲ್ಲಿಗೆ ಹಾಯಿಸಿದರು. ಗಿಡಗಳು ಈ ಅನಿಲವನ್ನೂ ನೀರನ್ನೂ ಬೆಳಕಿನ ಬಲದಿಂದ ಕೂಡಿಸಿ ತಮ್ಮ ಆಹಾರವನ್ನು ತಯಾರಿಸುತ್ತವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡು 420 ಪಾಲಿಗಿಂತ ತುಸು ಹೆಚ್ಚು. ಗಾಜಿನ ಮನೆಗಳಲ್ಲಿ ಇದನ್ನು ಸುಮಾರು 1000 ಪಾಲಿಗೆ ಏರಿಸಿದರೆ ಬೆಳೆ ಹುಲುಸಾಗುತ್ತದೆ. ಆದರೆ ಇದರಿಂದ ಆ ಅನಿಲವು ಇಲ್ಲವಾಯಿತೆಂದು ಭಾವಿಸಬಾರದು. ಗಿಡ ಕೊಳೆತಾಗ, ಹಣ್ಣನ್ನು ನಾವು ತಿಂದು ಉಸಿರು ಬಿಟ್ಟಾಗ, ಅದು ಮರಳಿ ಗಾಳಿಯನ್ನೇ ಸೇರುತ್ತದೆ.

ಇಂದಿನ ಪ್ರಶ್ನೆ

ಬೀಟ್ ಗೆಡ್ಡೆ ಇಂಗ್ಲೆಂಡಿನಲ್ಲಿ ಸೆಪ್ಟೆಂಬರಿನಿಂದ ಫೆಬ್ರವರಿಯ ಸುಮಾರಿನವರೆಗೆ ಮಾತ್ರ ಕಾರ್ಖಾನೆಗೆ ಬರುತ್ತದೆ. ಮಿಕ್ಕ ತಿಂಗಳುಗಳಲ್ಲಿ ಉಗಿಯನ್ನು ಬೇಡುವವರು ಯಾರು? ಉಗಿಗೆ ಕೆಲಸವಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇದಕ್ಕಾಗಿಯೇ ವಿಸ್ಸಿಂಗ್ಟನ್ನಿನಲ್ಲಿ ಗಟ್ಟಿರಸದ ಒಂದು ಭಾಗವನ್ನು ದೊಡ್ಡ ತೊಟ್ಟಿಗಳಲ್ಲಿ ಶೇಖರಿಸಿಟ್ಟು, ಬೇಸಗೆಯಲ್ಲಿ ಹರಳುಗಟ್ಟಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. 2007ರಲ್ಲಿ ಅಲ್ಲಿಯೇ ಸಕ್ಕರೆಯ ರಸದಿಂದ ವಾಹನಗಳಿಗೆ ಬೇಕಾದ ಮದ್ಯಸಾರವನ್ನು ಬಟ್ಟಿಯಿಳಿಸುವ ಘಟಕವೂ ಪ್ರಾರಂಭವಾಯಿತು. ಅದಕ್ಕೂ ಉಗಿ ಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಒಂದು ಕಿಲೋಗ್ರಾಂ ಮೀಥೇನ್ ಉರಿದರೆ 2.75 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಎಂಥ ಜಾಣತನದ ಯಂತ್ರವಾದರೂ ಈ ಪ್ರಮಾಣವನ್ನು ಬದಲಿಸಲಾರದು. ಭೂಮಿಯನ್ನು ಕಾಯಿಸುತ್ತಿರುವ ಅನಿಲಗಳಲ್ಲಿ ಇದೇ ಮುಖ್ಯವಾದದ್ದು. ಕಬ್ಬಿನ ಸಿಪ್ಪೆಯನ್ನು ಸುಟ್ಟರೂ ಇದೇ ಅನಿಲ ಬರುತ್ತದೆ ನಿಜ; ಆದರೆ ಅದು ಕಬ್ಬು ಕಳೆದ ವರ್ಷ ಗಾಳಿಯಿಂದ ಹೀರಿದ್ದು. ಸಮುದ್ರದ ತಳದ ಅನಿಲದಲ್ಲಿರುವ ಇಂಗಾಲವಾದರೋ ಕೋಟ್ಯಂತರ ವರ್ಷ ಹೂತಿದ್ದು, ಈಗ ಹೊಸದಾಗಿ ಗಾಳಿಯನ್ನು ಸೇರುತ್ತದೆ.

ಹೋಲಿಕೆಯ ಮಾತನ್ನು ಈಗ ನೆನೆಯೋಣ. ವಿಸ್ಸಿಂಗ್ಟನ್ನಿನ ಆಗಾರವನ್ನು ಕಟ್ಟಿದಾಗ ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರಗಳು ಅನೇಕವಿದ್ದುವು. ಅವುಗಳ ಮುಂದೆ ಇದು ನಿಸ್ಸಂದೇಹವಾಗಿ ಮೇಲು. ಅಂಥ ಕೊನೆಯ ಆಗಾರವು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಈಗ ಸಮುದ್ರದ ಗಾಳಿಯಂತ್ರಗಳು ಅಲ್ಲಿ ಬಹಳ ವಿದ್ಯುತ್ತನ್ನು ಕೊಡುತ್ತಿವೆ. ಗಾಳಿ ಚೆನ್ನಾಗಿ ಬೀಸುವ ದಿನ ವಿದ್ಯುತ್ತು ಉರುವಲಿಲ್ಲದೆ ದೊರೆಯುವುದರಿಂದ, ಸಾಧಾರಣ ಬಾಯ್ಲರಿನಲ್ಲಿ 56 ಪಾಲು ಅನಿಲವನ್ನು ಉರಿಸಿ ಉಗಿಯನ್ನು ಮಾತ್ರ ಮಾಡಿಕೊಂಡರೆ ಸಾಕು. ಆಗ 100 ಪಾಲು ಉರಿಸುವ ಆಗಾರವೇ ದುಂದುಗಾರನಾಗುತ್ತದೆ! ಗಾಳಿ ಸತ್ತ ಚಳಿಗಾಲದ ಸಂಜೆಯಲ್ಲಿ ಮತ್ತೆ ಅದರ ಬೆಲೆ ಏರುತ್ತದೆ. 2050ರ ಹೊತ್ತಿಗೆ ತನ್ನ ಅನಿಲಗಳ ಲೆಕ್ಕವನ್ನು ಸೊನ್ನೆಗೆ ತರಬೇಕೆಂದು ಬ್ರಿಟನ್ 2019ರಲ್ಲಿ ಕಾನೂನು ಮಾಡಿದೆ. ಅನಿಲದ ಉರಿಯನ್ನೇ ನಂಬಿದ ಕಾರ್ಖಾನೆಗಳೆಲ್ಲವೂ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ.

ಉತ್ತರದ ಒಂದು ದಾರಿ ರಿಲಿಯುವಿನ ಪಾತ್ರೆಗಳ ಬಳಿಯಲ್ಲಿಯೇ ಇದೆ. ರಸದಿಂದ ಎದ್ದ ಆವಿಯನ್ನು ವಿದ್ಯುತ್ತಿನಿಂದ ನಡೆಯುವ ಯಂತ್ರದಲ್ಲಿ ಅದುಮಿದರೆ ಅದರ ಒತ್ತಡದೊಡನೆ ಉಷ್ಣತೆಯೂ ಏರುತ್ತದೆ. ಹಾಗೆ ಏರಿದ ಆವಿ ತಾನು ಹುಟ್ಟಿದ ಪಾತ್ರೆಯನ್ನೇ ಮತ್ತೆ ಕುದಿಸಬಲ್ಲದು. ಕೆಳಗೆ ಇಳಿದ ನೀರನ್ನು ಸ್ವಲ್ಪವೇ ಮೇಲಕ್ಕೆತ್ತಿ ಮತ್ತೆ ಹರಿಯಬಿಟ್ಟ ಹಾಗೆ. ಬೇಕಾದ ವಿದ್ಯುತ್ತು ಗಾಳಿಯಿಂದಲೋ ಬಿಸಿಲಿನಿಂದಲೋ ಬಂದರೆ ರಸ ಕುದಿಸುವ ಈ ಕೆಲಸಕ್ಕೆ ಉರಿಯ ಅಗತ್ಯವೇ ಬಹಳ ಕಡಮೆಯಾಗುತ್ತದೆ. ಹಾಲನ್ನು ಗಟ್ಟಿಮಾಡುವ ಕಾರ್ಖಾನೆಗಳಲ್ಲಿ ಈ ಕ್ರಮ ಆಗಲೇ ರೂಢಿಯಲ್ಲಿದೆ.

ಯಂತ್ರಗಳು ಬದಲಾಗುತ್ತವೆ, ಉರುವಲೂ ಬದಲಾಗುತ್ತದೆ. ಕಾರ್ನೊ ಕಂಡ ನಿಯಮ ಬದಲಾಗುವುದಿಲ್ಲ. ಶಾಖವನ್ನು ಅಳೆಯುವಾಗ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಎತ್ತರದಲ್ಲಿದೆ ಎಂದೂ ಕೇಳಬೇಕು. ಎತ್ತರದ ಶಾಖವನ್ನು ತಗ್ಗಿನ ಕೆಲಸಕ್ಕೆ ನೇರವಾಗಿ ಸುರಿಯಬಾರದು. ಮುಂದಿನ ಸಲ ಆಲೆಮನೆಗೆ ಹೋದಾಗ ವಾಚಕರು ಕೊಪ್ಪರಿಗೆಯನ್ನು ನೋಡಿದ ಬಳಿಕ ಅದರ ಹೊಗೆಯ ದಾರಿಯನ್ನೂ ಒಮ್ಮೆ ನೋಡಲಿ. ಸುಧಾರಿಸಿದ ಒಲೆಗಳಲ್ಲಿ ಆ ದಾರಿಯ ಮೇಲೆ ಎರಡನೆಯ ಕೊಪ್ಪರಿಗೆಯೊಂದು ಕುಳಿತಿರುತ್ತದೆ. ಮೊದಲನೆಯದರಿಂದ ತಪ್ಪಿಸಿಕೊಂಡ ಬಿಸಿಯಲ್ಲಿ ಮುಂದಿನ ಹದದ ಹಾಲು ಕಾಯುತ್ತಿರುತ್ತದೆ. ವಿಸ್ಸಿಂಗ್ಟನ್ನಿನ ಟರ್ಬೈನುಗಳೂ ಆ ಎರಡನೆಯ ಕೊಪ್ಪರಿಗೆಯೂ ಹೇಳುವ ಪಾಠ ಒಂದೇ.